ಗ್ಯಾಸ್ ಗುಳಿಗೆ: ಹೆಸರು, ಹೊತ್ತು, ಗಡುವು ಕೇಳಿಯೇ ನುಂಗಬೇಕು

ಎದೆ ಉರಿಗೆ, ಹೊಟ್ಟೆ ಹುಣ್ಣಿಗೆ ನಮ್ಮ ಜನ ದಶಕಗಳಿಂದ ನಂಬಿಕೊಂಡು ಬಂದ ರಾನಿಟಿಡಿನ್ ಗುಳಿಗೆ 2025ರಲ್ಲಿ ಮತ್ತೊಮ್ಮೆ ಸುದ್ದಿಗೆ ಬಂತು. ಈ ಗುಳಿಗೆಯಲ್ಲಿ ಎನ್‌ಡಿಎಂಎ ಎಂಬ ಕಲ್ಮಶ ಎಷ್ಟಿದೆ ಅಂತ ತಯಾರಕರಿಂದ ಪರೀಕ್ಷೆ ಮಾಡಿಸಿ ಎಂದು ಕೇಂದ್ರದ ಔಷಧ ಮಹಾನಿಯಂತ್ರಕರು ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟರು. ಸುದ್ದಿ ದಿಲ್ಲಿಯಿಂದ ಹೊರಟು ರಾಜಧಾನಿಗಳ ಕಚೇರಿಗೆ ತಲುಪಿತು. ಆದೋನಿ, ಆಲೂರು, ಕೋಸಿಗಿ, ಹೊಳಗುಂದದ ಅಂಗಡಿ ಕಟ್ಟೆಗೆ ಮಾತ್ರ ತಲುಪಿದಂತೆ ಕಾಣಲಿಲ್ಲ. ಇಲ್ಲಿ ಮೆಡಿಕಲ್ ಶಾಪಿನ ಮುಂದೆ ನಿಂತು ನಾವು ಕೇಳೋದು ಈಗಲೂ ಒಂದೇ ಮಾತು: "ಒಂದು ಗ್ಯಾಸ್ ಗುಳಿಗಿ ಕೊಡ್ರಿ." ತೆಲುಗಿನಲ್ಲಾದರೆ, "ಗ್ಯಾಸ್ ಬಿಳ್ಳ ಒಕಟಿ ಇವ್ವಂಡಿ." ಯಾವ ಗುಳಿಗೆ ಅಂತ ನಾವೂ ಕೇಳೋದಿಲ್ಲ, ಬಹಳ ಕಡೆ ಕೊಡುವವರೂ ಹೇಳೋದಿಲ್ಲ.

ಗುಳಿಗೆಯೇ ಕೆಟ್ಟದ್ದು ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಹಿಂದೆ ಹೊಟ್ಟೆ ಹುಣ್ಣು ಜೋರಾದರೆ ಆಪರೇಷನ್ನೇ ಗತಿಯಾಗಿತ್ತು. 1976ರಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯ ಶ್ರಮದಿಂದ ಸಿಮೆಟಿಡಿನ್ ಬಂತು, ಆಮೇಲೆ ರಾನಿಟಿಡಿನ್, ಆಮೇಲೆ ಒಮೆಪ್ರಜೋಲ್. ಆಪರೇಷನ್ ಟೇಬಲ್ ಹತ್ತಬೇಕಾದವರು ಗುಳಿಗೆಯಲ್ಲೇ ಗುಣವಾದರು. ಇಂಥ ಒಳ್ಳೆಯ ಔಷಧವನ್ನು ನಾವು ಪೆಪ್ಪರ್‌ಮೆಂಟಿನ ಹಾಗೆ ತಿನ್ನುತ್ತಿದ್ದೇವಲ್ಲ, ತಕರಾರು ಅಲ್ಲಿದೆ.

ಹುಣ್ಣು, ಪುಂಡು ಒಂದೇ

ನಾವು ಕನ್ನಡದಲ್ಲಿ ಹುಣ್ಣು ಅನ್ನೋದನ್ನೇ ತೆಲುಗಿನವರು ಪುಂಡು ಅಂತಾರೆ. ಪಕಾರ ಹಕಾರದ ವ್ಯತ್ಯಾಸ, ಬೇರು ಒಂದೇ. ನಮ್ಮ ಹೊಟ್ಟೆ ಉರಿ, ಅವರ ಕಡುಪು ಮಂಟ. ಎರಡೂ ಭಾಷೆಯಲ್ಲಿ ಆ ಮಾತಿಗೆ ದೇಹದ ಉರಿಯೂ ಅರ್ಥ, ಮನಸ್ಸಿನ ಉರಿಯೂ ಅರ್ಥ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಗಡಿ ಬಂತು, ಹೊಟ್ಟೆ ಬದಲಾಗಲಿಲ್ಲ. ಅದೇ ಜೋಳದ ರೊಟ್ಟಿ, ಅದೇ ಉಗ್ಗಾಣಿ ಮಿರ್ಚಿ, ಅದೇ ಕೆಂಪು ಹಿಂಡಿ.

ಇದನ್ನು ಕಂಡವರು, ಖಾರ ತಿಂದೇ ಹುಣ್ಣು ಬಂತು ಅಂತಾರೆ. ಅದು ಅರ್ಧ ಸತ್ಯ. ಇದ್ದ ಉರಿಯನ್ನು ಖಾರ ಕೆದಕಬಹುದು, ಆದರೆ ಹುಣ್ಣಿಗೆ ಮೂಲ ಕಾರಣ ಅದಲ್ಲ. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ಊರಿನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಎಂಬಿಬ್ಬರು ಹೊಟ್ಟೆಯಲ್ಲಿ ಬದುಕುವ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಹಿಡಿದರು. ಯಾರೂ ನಂಬದೆ ಇದ್ದಾಗ 1984ರಲ್ಲಿ ಮಾರ್ಷಲ್ ತಾವೇ ಆ ರೋಗಾಣುವನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿಗೆ ದೊಡ್ಡ ಕಾರಣ ಈ ರೋಗಾಣು, ಎರಡನೆಯದು ನೋವಿನ ಗುಳಿಗೆ. ಬೀಡಿ ಸಿಗರೇಟು ಇವೆರಡಕ್ಕೂ ಜೊತೆಗಾರ.

ಎರಡನೆಯ ಕಾರಣ ನಮ್ಮ ಕಡೆಯವರು ಗಟ್ಟಿಯಾಗಿ ಗಮನಿಸಬೇಕು. ಹತ್ತಿ ಬಿಡಿಸಿ ಸೊಂಟ ಹಿಡಿದವರು, ಯಾರ್ಡಿನಲ್ಲಿ ಮೂಟೆ ಹೊತ್ತ ಹಮಾಲರು, ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆಗೆ ಸುಗ್ಗಿ ಹೋಗಿ ಬಂದ ಕೋಸಿಗಿ, ಕೌತಾಳಂ ಕಡೆಯ ಕೂಲಿಗಳು ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಹೋಗ್ತಾರೆ. ಕಾಗದದ ಪೊಟ್ಟಣದಲ್ಲಿ ಡೈಕ್ಲೊಫೆನಾಕ್ ಒಂದು, ಕೆಲವು ಸಲ ಸ್ಟಿರಾಯ್ಡ್ ಒಂದು, ಮೇಲೊಂದು ಗ್ಯಾಸ್ ಗುಳಿಗೆ ಬರ್ತದೆ. ನೋವು ಇಳೀತದೆ, ಹೊಟ್ಟೆಯ ಒಳಪದರ ಸವೀತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಗ್ಯಾಸ್ ಗುಳಿಗೆ ಒಂದೇ ಎಷ್ಟು ಅಂತ ಕಾಯೀತು?

ಮೊದಲ ಪ್ರಶ್ನೆ: ಹೆಸರೇನು?

ಗ್ಯಾಸ್ ಗುಳಿಗೆ ಅನ್ನೋದರಲ್ಲಿ ಮೂರು ಜಾತಿ ಇವೆ. ಕಾಲುವೆ ನೀರಿನ ಲೆಕ್ಕದಲ್ಲಿ ಹೇಳಿದರೆ ನಮಗೆ ಬೇಗ ತಿಳಿಯುತ್ತದೆ. ಡೈಜಿನ್, ಜೆಲುಸಿಲ್ ಅಂಥವು ಹೊಲಕ್ಕೆ ಬಂದುಬಿಟ್ಟ ನೀರಿಗೆ ಮಣ್ಣು ಹಾಕಿದ ಹಾಗೆ. ಇದ್ದ ಆಮ್ಲವನ್ನು ಆಗಲೇ ತಗ್ಗಿಸುತ್ತವೆ, ಒಂದೆರಡು ತಾಸಿಗೆ ಬಲ ಮುಗಿಯುತ್ತದೆ. ರಾನಿಟಿಡಿನ್, ಫಾಮೊಟಿಡಿನ್ ಅಂದರೆ ನೀರಗಂಟಿಗೆ "ಗೇಟು ಎತ್ತಬೇಡಪ್ಪ" ಎಂದು ಹೇಳಿ ಕಳಿಸಿದ ಹಾಗೆ. ಒಮೆಪ್ರಜೋಲ್, ಪಾಂಟೊಪ್ರಜೋಲ್, ರಾಬೆಪ್ರಜೋಲ್ ಗೇಟನ್ನೇ ಮುಚ್ಚುವಂಥವು. ಮೂರಕ್ಕೂ ಕೆಲಸ ಬೇರೆ, ಎಚ್ಚರಿಕೆಯೂ ಬೇರೆ.

ರಾನಿಟಿಡಿನ್ ಕಥೆ ಇದು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಇದರಲ್ಲಿ ಎನ್‌ಡಿಎಂಎ ಇರುವುದನ್ನು ಹೇಳಿತು. ಅದು ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ನಮ್ಮ ಹೈದರಾಬಾದಿನ ಡಾಕ್ಟರ್ ರೆಡ್ಡೀಸ್ ಕಂಪನಿಯೂ ಆ ವರ್ಷ ಇದರ ಸರಬರಾಜು ನಿಲ್ಲಿಸಿತು. 2020ರ ಏಪ್ರಿಲಿನಲ್ಲಿ ಅಮೆರಿಕ ರಾನಿಟಿಡಿನ್ನನ್ನು ಮಾರುಕಟ್ಟೆಯಿಂದಲೇ ತೆಗೆಸಿತು. ದಿನ ಕಳೆದಂತೆ, ಬಿಸಿ ಹೆಚ್ಚಾದಂತೆ ಗುಳಿಗೆಯೊಳಗೆ ಈ ಕಲ್ಮಶ ಹೆಚ್ಚುತ್ತದೆ ಅನ್ನೋದು ಆಗ ಗೊತ್ತಾದ ಮಾತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳ ತಗಡಿನ ಅಂಗಡಿಗಳನ್ನು ನೆನೆಸಿಕೊಳ್ಳಿ. 2022ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ರಾನಿಟಿಡಿನ್ನನ್ನು ಅಗತ್ಯ ಔಷಧಗಳ ಪಟ್ಟಿಯಿಂದ ಕೈಬಿಟ್ಟಿತು. ಪಟ್ಟಿಯಿಂದ ಬಿಡೋದು ಅಂದರೆ ನಿಷೇಧವಲ್ಲ. ಹಿಂದೊಮ್ಮೆ ನುಂಗಿದವರು ಗಾಬರಿ ಬೀಳಬೇಕಿಲ್ಲ, ಆದರೆ ದಿನವೂ ತಿನ್ನುವವರು ಡಾಕ್ಟರನ್ನು ಕೇಳಿ ಬೇರೆಯದಕ್ಕೆ ಬದಲಾಯಿಸಿಕೊಳ್ಳೋದು ಜಾಣತನ.

ಇನ್ನೊಂದು ಮಾತು. ಪ್ಯಾನ್ ಬೇರೆ, ಪ್ಯಾನ್-ಡಿ ಬೇರೆ. ಎರಡನೆಯದರಲ್ಲಿ ಪಾಂಟೊಪ್ರಜೋಲ್ ಜೊತೆಗೆ ವಾಂತಿ ತಡೆಯುವ ಡೊಂಪೆರಿಡೋನ್ ಇರುತ್ತದೆ. ಡೊಂಪೆರಿಡೋನ್ ಕೆಲವರಲ್ಲಿ ಹೃದಯದ ಬಡಿತ ಏರುಪೇರು ಮಾಡುತ್ತದೆ ಎಂದು 2014ರಲ್ಲಿ ಯುರೋಪಿನವರು ಅದಕ್ಕೆ ಒಂದು ವಾರದ ಮಿತಿ ಹಾಕಿದರು. ವಯಸ್ಸಾದವರು, ಹೃದಯದ ಕಾಯಿಲೆಯವರು ಇದನ್ನು ವರ್ಷಗಟ್ಟಲೆ ತಾವಾಗಿ ತರಿಸಿ ತಿನ್ನಬಾರದು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಯ ಮೇಲೆ ಕೊಡಬೇಕಾದ ಔಷಧ ಎಂದು ಅರ್ಥ.

ಎರಡನೆಯದು: ಯಾವ ಹೊತ್ತಿಗೆ?

ಪಾಂಟೊಪ್ರಜೋಲ್ ಜಾತಿಯ ಗುಳಿಗೆಯನ್ನು ಊಟಕ್ಕೆ ಅರ್ಧ ತಾಸು ಮುಂಚೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ಇಡಿಯಾಗಿ ನುಂಗಬೇಕು. ಜಗಿಯಬಾರದು, ಪುಡಿ ಮಾಡಬಾರದು, ಯಾಕಂದರೆ ಆಮ್ಲದಲ್ಲಿ ಕರಗದಿರಲಿ ಅಂತಲೇ ಮೇಲೊಂದು ಪದರ ಹಚ್ಚಿರ್ತಾರೆ. ಮಿರ್ಚಿ ತಿಂದು, ಎದೆ ಉರಿದ ಮೇಲೆ ನುಂಗಿದರೆ ಅದರ ಅರ್ಧ ಬಲ ವ್ಯರ್ಥ. ಪೂರ್ತಿ ಕೆಲಸ ತೋರಿಸಲು ಮೂರು ನಾಲ್ಕು ದಿನವೂ ಬೇಕು. "ಒಂದು ನುಂಗಿದೆ, ಕಡಿಮೆಯಾಗಲಿಲ್ಲ" ಎಂದು ಅದೇ ದಿನ ಎರಡು ಮೂರು ನುಂಗುವವರು ಇದನ್ನು ತಿಳಿಯಬೇಕು.

ಕೂಲಿಗೆ ಹೋಗುವವರು ನಸುಕಿನಲ್ಲಿ ಚಹಾ ಕುಡಿದು ಹೊರಟು ಹತ್ತು ಗಂಟೆಗೆ ಬುತ್ತಿ ಬಿಚ್ಚುತ್ತಾರೆ. ಅಂಥವರಿಗೆ ಗುಳಿಗೆಯ ಹೊತ್ತು ಒಂಬತ್ತೂವರೆ. ನಸುಕಿನ ಐದಲ್ಲ. ಡೈಜಿನ್‌ನಂಥದ್ದಾದರೆ ಊಟವಾದ ಮೇಲೆ, ಚೆನ್ನಾಗಿ ಜಗಿದು. ರಕ್ತದ ಕಬ್ಬಿಣದ ಗುಳಿಗೆ, ಥೈರಾಯ್ಡ್ ಗುಳಿಗೆ, ಕೆಲವು ಆಂಟಿಬಯಾಟಿಕ್ ಇದರ ಜೊತೆ ಒಟ್ಟಿಗೆ ಬೇಡ, ನಡುವೆ ಕೆಲವು ತಾಸು ಇರಲಿ. ನೀರಲ್ಲಿ ನೊರೆ ಬರುವ ಸೋಡಾ ಪುಡಿಯಲ್ಲಿ ಸೋಡಿಯಂ ಜಾಸ್ತಿ, ಬಿಪಿ, ಕಿಡ್ನಿ, ಹೃದಯದ ತೊಂದರೆಯವರಿಗೆ ಒಳ್ಳೆಯದಲ್ಲ.

ಮೂರನೆಯದು: ಎಷ್ಟು ದಿನ?

ಇದನ್ನು ಕೇಳುವವರೇ ಕಡಿಮೆ. ಸಣ್ಣ ಕರುಳಿನ ಮೊದಲ ಭಾಗದ ಹುಣ್ಣಿಗೆ ಸಾಧಾರಣ 4 ವಾರ, ಜಠರದ ಹುಣ್ಣಿಗೆ 8 ವಾರ. ಅಮೆರಿಕದಲ್ಲಿ ಚೀಟಿ ಇಲ್ಲದೆ ಮಾರುವ ಒಮೆಪ್ರಜೋಲ್ ಡಬ್ಬಿಯ ಮೇಲೆ 14 ದಿನ ಮಾತ್ರ, ಮತ್ತೆ ಬೇಕಾದರೆ 4 ತಿಂಗಳ ನಂತರ ಎಂದು ಬರೆದಿರ್ತಾರೆ. ನಮ್ಮಲ್ಲಿ ಮದುವೆಯಾದ ವರ್ಷ ಶುರುಮಾಡಿ ಮಗಳ ಮದುವೆಗೂ ನುಂಗುತ್ತಿರುವವರಿದ್ದಾರೆ. ಬಹುಕಾಲ ತಿಂದರೆ ಬಿ-12, ಮೆಗ್ನೀಸಿಯಂ ಕಡಿಮೆಯಾಗಬಹುದು, ಎಲುಬು ಸೊರಗಬಹುದು, ಕರುಳಿನ ಸೋಂಕು ಬರಬಹುದು, ಅಪರೂಪಕ್ಕೆ ಕಿಡ್ನಿಗೂ ಪೆಟ್ಟು.

ಹಾಗಂತ ನಾಳೆಯೇ ಬಿಸಾಡಬೇಡಿ. ತಿಂಗಳುಗಟ್ಟಲೆ ಮುಚ್ಚಿದ ಗೇಟನ್ನು ಒಮ್ಮೆಲೇ ಎತ್ತಿದರೆ ನೀರು ನುಗ್ಗುತ್ತದೆ. ದಿಢೀರನೆ ನಿಲ್ಲಿಸಿದಾಗ ಕೆಲವು ವಾರ ಆಮ್ಲ ಮೊದಲಿಗಿಂತ ಜಾಸ್ತಿ ಬರುವುದೂ ಹೀಗೆಯೇ. ಅದನ್ನು ಕಂಡು "ನನಗೆ ಗುಳಿಗೆ ಬಿಟ್ಟರೆ ಆಗೋದಿಲ್ಲ" ಎಂದುಕೊಳ್ಳುವವರು ಬಹಳ. ಡಾಕ್ಟರ ಮಾತಿನಂತೆ ಮೆಲ್ಲಗೆ ಇಳಿಸಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತಿನ್ನುವವರಿಗೆ ಈ ಗುಳಿಗೆ ಹೊಟ್ಟೆಯ ಕಾವಲು. ಅವರು ತಾವಾಗಿ ನಿಲ್ಲಿಸಲೇಬಾರದು. ಕ್ಲೊಪಿಡೊಗ್ರೆಲ್ ಜೊತೆ ಒಮೆಪ್ರಜೋಲ್ ಹೊಂದುವುದಿಲ್ಲ, ಪಾಂಟೊಪ್ರಜೋಲ್ ವಾಸಿ, ಅದನ್ನೂ ಡಾಕ್ಟರೇ ಹೇಳಬೇಕು.

ರೋಗಾಣುವಿನಿಂದ ಬಂದ ಹುಣ್ಣಿಗೆ ಬರೀ ಈ ಗುಳಿಗೆ ಸಾಲದು. ಎರಡೋ ಹೆಚ್ಚೋ ಬೇರೆ ಔಷಧ ಸೇರಿಸಿ ಸಾಮಾನ್ಯವಾಗಿ 14 ದಿನದ ಕೋರ್ಸ್ ಕೊಡ್ತಾರೆ. ಐದನೇ ದಿನಕ್ಕೆ ಆರಾಮಾಯ್ತು ಎಂದು ಬಿಟ್ಟರೆ ಕಳೆ ಕಿತ್ತು ಬೇರು ಉಳಿಸಿದಂತೆ. ಈ ರೋಗಾಣುವಿನ ಮಲ ಪರೀಕ್ಷೆ, ಉಸಿರಿನ ಪರೀಕ್ಷೆ ಮಾಡಿಸುವ 2 ವಾರ ಮುಂಚೆ ಡಾಕ್ಟರನ್ನು ಕೇಳಿ ಗ್ಯಾಸ್ ಗುಳಿಗೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ರೋಗ ಇದ್ದೂ ಇಲ್ಲ ಎಂದು ಬರಬಹುದು.

ಗ್ಯಾಸ್ ಅಲ್ಲದ ಗ್ಯಾಸ್

ಜೀವಕ್ಕೆ ಕುತ್ತು ತರೋದು ಇದು. ಎದೆ ಒತ್ತಿದಂತಾಗಿ, ತಣ್ಣನೆ ಬೆವರು ಬಂದು, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದರೆ, ಉಸಿರು ಕಟ್ಟಿದರೆ ಅದು ಹಾರ್ಟ್ ಅಟ್ಯಾಕ್ ಇರಬಹುದು. ಆಗ ಗ್ಯಾಸ್ ಗುಳಿಗೆ ಹುಡುಕುತ್ತಾ, ಸೋಡಾ ಕುಡಿಯುತ್ತಾ ಕೂತರೆ ಹೊತ್ತು ಹೋಗುತ್ತದೆ. 108ಕ್ಕೆ ಫೋನ್ ಮಾಡಿ, ಇಸಿಜಿ ತೆಗೆಯುವ ಆಸ್ಪತ್ರೆಗೆ ನಡೆಯಿರಿ. ಸಕ್ಕರೆ ಕಾಯಿಲೆಯವರಿಗೆ ನೋವು ಇಲ್ಲದೆಯೂ ಬರಬಹುದು. ಇಸಿಜಿ ಸರಿ ಇದ್ದು ಗ್ಯಾಸ್ ಎಂದಾದರೆ ನಷ್ಟವೇನೂ ಇಲ್ಲ.

ಡಾಂಬರಿನಂತೆ ಕಪ್ಪಗೆ ಅಂಟಾದ ಮಲ, ರಕ್ತದ ವಾಂತಿ ಕಂಡರೂ ಅಂದೇ ಆಸ್ಪತ್ರೆ. ಕಬ್ಬಿಣದ ಗುಳಿಗೆ ತಿಂದರೂ ಮಲ ಕಪ್ಪಾಗುತ್ತದೆ, ಡಾಕ್ಟರಿಗೆ ಅದನ್ನೂ ತಿಳಿಸಿ. ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯೋದು, ರಕ್ತ ಕಡಿಮೆಯಾಗೋದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ನೋವು ಇವಕ್ಕೆ ಎಂಡೋಸ್ಕೋಪಿ ಬೇಕಾಗಬಹುದು. ಗುಳಿಗೆ ಉರಿಯನ್ನು ಅಡಗಿಸಿ ಒಳಗಿನ ಕ್ಯಾನ್ಸರನ್ನೂ ಮರೆಮಾಡಬಲ್ಲದು.

ಆಗಬೇಕಾದದ್ದು

ದೊಡ್ಡ ಪರೀಕ್ಷೆ ಅಂದರೆ ನಮ್ಮವರು ಕರ್ನೂಲಿಗೋ, ಬಳ್ಳಾರಿಗೋ, ರಾಯಚೂರಿಗೋ ಬಸ್ಸು ರೈಲು ಹತ್ತಬೇಕು, ಒಂದು ದಿನದ ಕೂಲಿ ಕಳೆಯಬೇಕು. ಆ ಖರ್ಚಿಗೆ ಹೆದರಿಯೇ ಹತ್ತು ರೂಪಾಯಿ ಗುಳಿಗೆಯಲ್ಲಿ ವರ್ಷ ದೂಡುತ್ತಾರೆ. ಆದೋನಿಗೆ ಮಂಜೂರಾದ ಮೆಡಿಕಲ್ ಕಾಲೇಜನ್ನು ಖಾಸಗಿ ಸಹಭಾಗಿತ್ವದಲ್ಲಿ ನಡೆಸುವುದಾಗಿ ಆಂಧ್ರ ಸರ್ಕಾರ 2025ರಲ್ಲಿ ತೀರ್ಮಾನಿಸಿದಾಗ ವಾದ ವಿವಾದ ಬಹಳ ನಡೆಯಿತು. ಯಾರು ಕಟ್ಟಿದರೂ ರೈತ ಕೂಲಿಗಾರರಿಗೆ ಎಂಡೋಸ್ಕೋಪಿ ಇಲ್ಲೇ, ಕೈಗೆಟಕುವ ದರದಲ್ಲಿ ಸಿಗುತ್ತದೋ ಇಲ್ಲವೋ ಅನ್ನೋದೇ ನಮ್ಮ ಪ್ರಶ್ನೆ.

ಕಾಲೇಜಿಗೆ ಕಾಯದೆ ಆಗುವ ಕೆಲಸಗಳೂ ಇವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಮಾರ್ಕೆಟ್ ಯಾರ್ಡಿನಲ್ಲಿ ಕನ್ನಡ ತೆಲುಗು ಎರಡರಲ್ಲೂ ಒಂದು ಬೋರ್ಡು ಬರೆಸಲಿ: ಯಾವುದು ಗ್ಯಾಸ್, ಯಾವುದು ಹೃದಯದ ನೋವು. ಔಷಧ ಇನ್‌ಸ್ಪೆಕ್ಟರು ಅಂಗಡಿಯ ಬಿಸಿ, ಬಿಲ್ಲು, ಚೀಟಿ ನೋಡಲಿ. ಮೆಡಿಕಲ್ ಶಾಪಿನವರು ಗುಳಿಗೆ ಕೊಡುವಾಗ ಹೊತ್ತು ಮತ್ತು ದಿನದ ಲೆಕ್ಕ ಬಾಯಲ್ಲಿ ಹೇಳಲಿ, ಸಾಧ್ಯವಾದರೆ ಚೀಟಿಯ ಹಿಂದೆ ಬರೆದುಕೊಡಲಿ.

ನಾವು ಹತ್ತಿ ಬೀಜ ಕೊಳ್ಳುವಾಗ ಕಂಪನಿ, ಲಾಟ್ ನಂಬರು, ಬಿಲ್ಲು ಕೇಳುತ್ತೇವೆ. ಔಷಧ ಹೊಡೆಯುವಾಗ ಟ್ಯಾಂಕಿಗೆ ಎಷ್ಟು ಎಂಎಲ್ ಎಂದು ಕೇಳುತ್ತೇವೆ. ಬೆಳೆಗೆ ಕೇಳುವಷ್ಟು ಹೊಟ್ಟೆಗೂ ಕೇಳೋಣ: ಇದರ ಹೆಸರೇನು, ಊಟಕ್ಕೆ ಮುಂಚೆಯೋ ಆಮೇಲೆಯೋ, ಎಷ್ಟು ದಿನ?