ಎತ್ತು, ಕೂರಿಗೆ, ಹಂಡೆಗಳ ವಾಟಣಿ

ಉತ್ತರಾಧಿಕಾರದ ಪ್ರಶ್ನೆಯು ಎಷ್ಟು ಭಾರವಾದುದೆಂಬುದನ್ನು ಕಿತ್ತೂರ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಸಂಸ್ಥಾನದ ದತ್ತಕವನ್ನು ಕುಂಪಣಿ ಸರಕಾರವು ಒಪ್ಪದ್ದರಿಂದ 1824ರಲ್ಲಿ ಅಲ್ಲಿ ಯುದ್ಧವೇ ನಡೆಯಿತು. ಒಕ್ಕಲಿಗನ ಮನೆಯು ಸಂಸ್ಥಾನವಲ್ಲ. ಆದರೂ ಯಜಮಾನನು ತೀರಿಕೊಂಡ ಬಳಿಕ ಯಾವುದು ಯಾರಿಗೆ ಎಂಬ ಪ್ರಶ್ನೆಯು ಅಲ್ಲಿಯೂ ಏಳುವುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗಗಳ ಗ್ರಾಮಪ್ರಮುಖರೂ ಜಮೀನುದಾರರೂ ಇದರ ಒಂದು ಅಂಗವನ್ನು ವಿಚಾರಿಸಬೇಕೆಂದು ನಮ್ಮ ಬಿನ್ನಹ.

ವಾಟಣಿಯ ಕಾಲಕ್ಕೆ ಹೊಲವನ್ನು ಅಳೆದು ಹಿಸ್ಸೆ ಗೊತ್ತುಮಾಡಿ ಉತಾರದಲ್ಲಿ ಹೆಸರು ಹಚ್ಚಿಸುವರು. ದನಕರು, ಚಕ್ಕಡಿ, ರಂಟೆ, ಕೂರಿಗೆ, ಹಂಡೆ, ಕೊಪ್ಪರಿಗೆಗಳನ್ನಾದರೋ ಅಂಗಳದಲ್ಲಿಯೇ ಎಣಿಸಿ ಹಂಚಿಬಿಡುವರು. ಚರಸೊತ್ತಿನ ಹಂಚಿಕೆಗೆ ನೋಂದಣಿಯು ಕಡ್ಡಾಯವಲ್ಲವಾದುದರಿಂದ ಬಹುಶಃ ಅದಕ್ಕೆ ಬರಹವೇ ಇರುವುದಿಲ್ಲ.

ಎಣಿಕೆಯ ಹಂಚಿಕೆಯು ನ್ಯಾಯವೆಂದು ತೋರಬಹುದು. ಜೋಡೆತ್ತನ್ನು ಒಡೆದು ಅಣ್ಣನಿಗೊಂದು ತಮ್ಮನಿಗೊಂದು ಕೊಟ್ಟರೆ ಲೆಕ್ಕವೇನೋ ಸರಿಹೋಯಿತು. ಬೇಸಾಯವು ಮಾತ್ರ ಎರಡೂ ಮನೆಗಳಲ್ಲಿ ನಿಂತಿತು. ಎರೆಹೊಲದಲ್ಲಿ ಹಿಂಗಾರಿ ಜೋಳದ ಬಿತ್ತಿಗೆಗೆ ಸಿಕ್ಕುವ ಹದವು ಕೆಲವೇ ದಿನಗಳದು. ಒಂಟಿ ಎತ್ತಿನವನು ಮತ್ತೊಂದನ್ನು ಬೇಡಿ ತರುವಷ್ಟರಲ್ಲಿ ಹದವು ಆರಿಹೋಗುವುದು.

ಸಾಮಾನಿನ ಈ ಬೆಲೆಯನ್ನು ಕಾನೂನು ಬಲ್ಲದು. 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನ ಮೇರೆಗೆ, ಸಾಲದ ಡಿಕ್ರಿಯಾದರೂ ಅವಶ್ಯವಾದ ಅಡಿಗೆಯ ಪಾತ್ರೆ, ಹಾಸಿಗೆಗಳನ್ನೂ, ಒಕ್ಕಲಿಗನ ಉಪಜೀವನಕ್ಕೆ ಬೇಕೆಂದು ಕೋರ್ಟಿಗೆ ತೋರಿದ ಬೇಸಾಯದ ಸಾಮಾನು, ದನ, ಬೀಜಗಳನ್ನೂ ಜಪ್ತಿ ಮಾಡಲಾಗದು. ಸಾಹುಕಾರನ ಕೈಯಿಂದ ಕಾನೂನು ಕಾಯ್ದ ಜೋಡಿಯನ್ನು ಒಡಹುಟ್ಟಿದವರೇ ಒಡೆಯುವುದು ಯೋಗ್ಯವೇ? ಸಮವಾಗಿ ಭಾಗವಾಗದ ಆಡು ಕುರಿಗಳನ್ನು ಒಡೆಯದೆ ಹಿರಿಯನಿಗೆ ಬಿಡಬೇಕೆಂದು ಮನುಸ್ಮೃತಿಯು ವಿಧಿಸಿತ್ತು. ಹಿರಿಯನೆಂಬ ಹೆಚ್ಚಳವು ಇಂದಿನ ಕಾನೂನಿನಲ್ಲಿಲ್ಲ. ಒಡೆಯಬಾರದೆಂಬ ವಿವೇಕವು ಮಾತ್ರ ಉಳಿಯತಕ್ಕದ್ದು.

ಜೋಡಿಯು ಒಬ್ಬನಿಗೆ ಹೋದರೆ ಉಳಿದವರ ಗತಿಯೇನೆಂದು ಕೇಳುವವರುಂಟು. ಅದಕ್ಕೆ ಉತ್ತರವು ಕಠಿಣವಲ್ಲ. ನೊಗ, ಮಿಣಿ, ಕೂರಿಗೆಗಳ ಸಹಿತ ಜೋಡಿಯನ್ನು ಒಂದೇ ವಸ್ತುವೆಂದೆಣಿಸಿ ಪಂಚರಿಂದ ಬೆಲೆ ಕಟ್ಟಿಸಬೇಕು. ಪಡೆದವನು ಉಳಿದವರ ಪಾಲನ್ನು ಹಣದಿಂದಾಗಲಿ, ಸುಗ್ಗಿಯ ಕಾಳಿನಿಂದಾಗಲಿ ಕಂತುಗಳಲ್ಲಿ ತೀರಿಸಬೇಕು. ಮೊದಲ ವರ್ಷ ಅವರ ಹೊಲವನ್ನೂ ಬಿತ್ತಿಕೊಡಬೇಕು. ದನದ ಮೇಲೆ ಸಾಲವಿದ್ದರೆ ಅದನ್ನೂ ಬೆಲೆಯಲ್ಲಿ ಹಿಡಿಯಬೇಕು. ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು ಬಂದ ಮನೆಗಳಿಗೂ ಇದೇ ಮಾತು ಸಲ್ಲುವುದು.

ಹೆಣ್ಣುಮಕ್ಕಳ ಹಕ್ಕನ್ನು ಇಲ್ಲಿ ಮರೆಯಬಾರದು. 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಸೊತ್ತಿನಲ್ಲಿ ಮಗಳಿಗೂ ಮಗನಷ್ಟೇ ಜನ್ಮಸಿದ್ಧ ಹಕ್ಕುಂಟು; ಆ ಸೊತ್ತಿನಲ್ಲಿ ಹೊಲದಂತೆ ಹಟ್ಟಿಯ ದನವೂ ಸೇರಿದೆ. ಸೊಸೆಯು ತವರಿನಿಂದ ತಂದ ಕೊಡ, ಹಂಡೆ, ಆಕಳುಗಳು ಸ್ತ್ರೀಧನವಾದುದರಿಂದ ಅವನ್ನು ವಾಟಣಿಯ ಗುಂಪಿನಲ್ಲಿ ಕೂಡಿಸಲೇಬಾರದು. ವಿಧವೆಯಾದ ತಾಯಿಗೆ ಕರೆಯುವ ಒಂದು ಎಮ್ಮೆಯನ್ನು ಬಿಟ್ಟುಕೊಟ್ಟರೆ ಅವಳು ಮಕ್ಕಳ ಮನೆಬಾಗಿಲಲ್ಲಿ ಕೈಯೊಡ್ಡುವ ಪ್ರಸಂಗವು ಬಾರದು.

ಇವೆಲ್ಲವೂ ಯಜಮಾನನು ಗಟ್ಟಿಯಾಗಿರುವಾಗಲೇ ಆಗತಕ್ಕ ಕೆಲಸ. ಸಾಮಾನಿನ ಯಾದಿಯನ್ನು ಬರೆದು, ಎಲ್ಲರ ಸಹಿ ಮಾಡಿಸಿ, ಇಬ್ಬರು ಸಾಕ್ಷಿಗಳನ್ನು ಹಾಕಿಸಿರಿ. ಗ್ರಾಮಪ್ರಮುಖರು ಮೊದಲು ತಮ್ಮ ಮನೆಯಲ್ಲಿಯೇ ಈ ಪದ್ಧತಿಯನ್ನು ಹಾಕಿಕೊಟ್ಟರೆ ಊರು ತಾನಾಗಿಯೇ ಅನುಸರಿಸುವುದು.