ಹೀರೋ ಕೇಳಿದರೂ ಕೊಡಲಿಲ್ಲ ಆ ಕಾರು!

1968. ಅಣ್ಣಾವ್ರು 'ಜೇಡರ ಬಲೆ'ಯಲ್ಲಿ ಸಿ.ಐ.ಡಿ. 999 ಆಗಿ ಬಂದು ಶಿಳ್ಳೆ ಹೊಡೆಸಿದ ವರ್ಷ. ಅದೇ ವರ್ಷ ಅತ್ತ ಅಮೆರಿಕದಲ್ಲಿ 'ಬುಲಿಟ್' ಚಿತ್ರ ಬಂತು. ಹೀರೋ ಸ್ಟೀವ್ ಮೆಕ್ವೀನ್ ಹಸಿರು ಫೋರ್ಡ್ ಮಸ್ಟಾಂಗ್ ಏರಿ, ಸ್ಯಾನ್ ಫ್ರಾನ್ಸಿಸ್ಕೋದ ಏರು-ಇಳಿಜಾರು ಬೀದಿಗಳಲ್ಲಿ ಖಳರ ಕಪ್ಪು ಡಾಡ್ಜ್ ಚಾರ್ಜರನ್ನು ಬೆನ್ನಟ್ಟಿದ. ಸುಮಾರು ಹತ್ತು ನಿಮಿಷದ ಚೇಸಿಂಗ್! ಹಿನ್ನೆಲೆ ಸಂಗೀತ ಬಂದ್, ಬರೀ ಇಂಜಿನ್ ಗುಡುಗು. (ಅಪಾಯದ ಶಾಟ್‌ಗಳಲ್ಲಿ ಸ್ಟೀರಿಂಗ್ ಹಿಡಿದವನು ಸ್ಟಂಟ್‌ಮನ್ ಬಡ್ ಎಕಿನ್ಸ್. ಅವನಿಗೂ ಒಂದು ಚಪ್ಪಾಳೆ ಇರಲಿ.)

ಚಿತ್ರಕ್ಕೆ ಬಳಸಿದ್ದು ಎರಡು ಮಸ್ಟಾಂಗ್. ಹಾರಿ ಹಾರಿ ಸೊಂಟ ಮುರಿದುಕೊಂಡದ್ದು ಗುಜರಿ ಪಾಲಾಯ್ತು. ಇನ್ನೊಂದನ್ನು 1974ರಲ್ಲಿ ನ್ಯೂಜೆರ್ಸಿಯ ಗೃಹಸ್ಥರೊಬ್ಬರು ಪತ್ರಿಕೆಯ ಜಾಹೀರಾತು ನೋಡಿ 6,000 ಡಾಲರಿಗೆ ಕೊಂಡರು. ಅವರ ಹೆಂಡತಿ ಸ್ಕೂಲ್ ಟೀಚರ್. ದಿನಾ ಸ್ಕೂಲಿಗೆ ಹೋಗ್ತಿದ್ದದ್ದು ಅದೇ ಕಾರಿನಲ್ಲಿ! ನಮ್ಮ ಸುಳ್ಳದ ಅಕ್ಕೋರು ಹುಬ್ಬಳ್ಳಿ ಬಸ್ಸಿನ್ಯಾಗ ನಿಂತು ಬರೋದು ನೆನೆದರೆ ಹೊಟ್ಟೆ ಉರೀತದ, ಬಿಡ್ರಿ.

1977ರಲ್ಲಿ ಸ್ವತಃ ಮೆಕ್ವೀನ್ ಪತ್ರ ಬರೆದ. ಆ ಕಾರು ನನಗೆ ಕೊಡಿ, ಬದಲಿಗೆ ಅಂಥದ್ದೇ ಇನ್ನೊಂದು ಹುಡುಕಿಸಿ ಕೊಡ್ತೀನಿ ಅಂತ. ಉಹೂಂ, ಕೊಡಲಿಲ್ಲ! 1980ರಲ್ಲಿ ಮೆಕ್ವೀನ್ ತೀರಿಕೊಂಡ. ಅದೇ ವರ್ಷ ಕಾರಿನ ಕ್ಲಚ್ಚೂ ಕೈಕೊಟ್ಟಿತು. ದಶಕಗಟ್ಟಲೆ ಮೂಲೆ ಸೇರಿದ ಕಾರನ್ನು ಆಮೇಲೆ ಮಗ ರಿಪೇರಿ ಮಾಡಿಸಿದ. ಇಲ್ಲೇ ನೋಡ್ರಿ ಜಾಣತನ: ಇಂಜಿನ್ ಓಡುವಂತೆ ಮಾಡಿಸಿದ, ಮಾಸಿದ ಬಣ್ಣ ಮುಟ್ಟಲಿಲ್ಲ. ಶೂಟಿಂಗಿಗೆ ಕ್ಯಾಮೆರಾ ಕಟ್ಟಲು ತಳಕ್ಕೆ ಬೆಸೆದಿದ್ದ ಕಬ್ಬಿಣವೂ ಹಾಗೇ ಇತ್ತು. 2020ರ ಜನವರಿಯಲ್ಲಿ ಹರಾಜು. ಶುಲ್ಕ ಸೇರಿ 37.4 ಲಕ್ಷ ಡಾಲರ್, ಅಂದಿನ ಲೆಕ್ಕದಲ್ಲಿ 26 ಕೋಟಿ ರೂಪಾಯಿ ದಾಟಿತು! ತಳತಳ ಹೊಸ ಪೇಂಟ್ ಬಳಿದಿದ್ದರೆ ಅರ್ಧ ಸಿನಿಮಾ ಅದರಡಿ ಮುಚ್ಚಿಹೋಗ್ತಿತ್ತು.

ಗುಜರಿಗೆ ಹೋದ ಕಾರಿನ ಕಥೆಯೂ ಕೇಳಿ. 2017ರಲ್ಲಿ ಮೆಕ್ಸಿಕೋದಲ್ಲಿ ಸಿಕ್ಕಿತು. ಬಿಳಿ ಬಣ್ಣ, ಇಂಜಿನ್ನೇ ಇಲ್ಲ. ಅದಕ್ಕೆ ಬೇರೊಂದು ಸಿನಿಮಾ ಕಾರಿನ ವೇಷ ಹಾಕಲು ಹೊರಟಿದ್ದರಂತೆ! ನಂಬರ್ ತಾಳೆ ನೋಡಿದಾಗ ಗುಟ್ಟು ಹೊರಬಿತ್ತು.

ನಮ್ಮಲ್ಲಿ ಹಳೇ ಕಾರು ನೋಡಬೇಕೆಂದರೆ ಧರ್ಮಸ್ಥಳದ ಮ್ಯೂಸಿಯಂ ಇದೆ, ಶ್ರೀರಂಗಪಟ್ಟಣದ ಬಳಿ 'ಪಯಣ' ಇದೆ. ಆದರೆ 999 ಏರಿದ ಕಾರುಗಳಿಗೂ ಒಂದು ಜಾಗ ಬೇಡವೇ? ನಿಮ್ಮೂರ ಗ್ಯಾರೇಜಿನ ಹಿಂದೆ ತುಕ್ಕು ಹಿಡಿದು ನಿಂತದ್ದು ಶೂಟಿಂಗಿಗೆ ಹೋಗಿ ಬಂದ ಗಾಡಿ ಅಂತ ಯಾರಾದರೂ ಹೇಳಿದರೆ, ಚಾಸಿ ನಂಬರ್ ಬರಕೊಂಡು ಪತ್ರಿಕೆ ವಿಳಾಸಕ್ಕೆ ಕಾರ್ಡ್ ಹಾಕ್ರಿ. ಪೇಂಟರನ್ನ ಮಾತ್ರ ಕರೀಬ್ಯಾಡ್ರಿ!