ಒಂದೇ ಪ್ರತಿಯನ್ನು ನಂಬಬೇಡಿ

ಕೊಪ್ಪಳದಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕನ ಶಾಸನ ಗವಿಮಠದ ಬಂಡೆಯ ಮೇಲೂ ಇದೆ, ಪಾಲ್ಕಿಗುಂಡಿನ ಮೇಲೂ ಇದೆ. ಪಾಲ್ಕಿಗುಂಡಿನ ಅಕ್ಷರಗಳು ಬಹಳ ಸವೆದಿವೆ, ಗವಿಮಠದವು ಉಳಿದಿವೆ. ಎರಡು ಕಡೆ ಕೊರೆದದ್ದರಿಂದ ಮಾತು ಉಳಿಯಿತು.

ಇಂದು ಗಂಗಾವತಿಯ ಅಕ್ಕಿ ಗಿರಣಿಯ ಹಮಾಲನ ಕೂಲಿ ಲೆಕ್ಕ, ಕುಷ್ಟಗಿ, ಯಲಬುರ್ಗಾ ಸಂತೆಯ ಚಿಲ್ಲರೆ ವ್ಯಾಪಾರಿಯ ಉದ್ರಿ ಖಾತೆ, ಭವಿಷ್ಯನಿಧಿ ಕಾಗದದ ಚಿತ್ರ, ಎಲ್ಲವೂ ಒಂದೇ ಮೊಬೈಲಿನಲ್ಲಿ! ಅದು ಕಳುವಾದರೆ, ನೀರಿಗೆ ಬಿದ್ದರೆ ಗತಿಯೇನು? ಮಾಲೀಕರ ಲೆಕ್ಕ ಕಚೇರಿಯಲ್ಲೂ ಇರುತ್ತದೆ, ಲೆಕ್ಕ ತಪಾಸಣೆಯವರ ಬಳಿಯೂ ಇರುತ್ತದೆ. ತಕರಾರು ಬಂದ ದಿನ ಲೆಕ್ಕ ತೋರಿಸಬಲ್ಲವನ ಮಾತೇ ನಡೆಯುತ್ತದೆ.

ಆದ್ದರಿಂದ ಬಂಧುಗಳೇ, ನಾವು ಹೇಳುವುದಿಷ್ಟೆ. ಮುಖ್ಯ ದಾಖಲೆಗೆ 3 ಪ್ರತಿಗಳಿರಲಿ. ಅವು 2 ಬಗೆಯ ಸಾಧನಗಳಲ್ಲಿರಲಿ. 1 ಪ್ರತಿ ಮನೆಯ ಹೊರಗಿರಲಿ. ಮೊಬೈಲಿನದು ಒಂದು, ಪೆನ್‌ಡ್ರೈವಿನದು ಇನ್ನೊಂದು, ಗೂಗಲ್ ಡ್ರೈವಿನದು ಮೂರನೆಯದು. ಗೂಗಲ್ ಇದೆಯೆಂದು ಪೆನ್‌ಡ್ರೈವ್ ಬಿಡಬಾರದು; ಮೊಬೈಲಿನಲ್ಲಿ ಅಳಿಸಿದ ಚಿತ್ರ ಅಲ್ಲಿಯೂ ಅಳಿದುಹೋಗಬಹುದು. ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ. ಇಟ್ಟ ಪ್ರತಿ ತೆರೆಯುತ್ತದೆಯೋ ಇಲ್ಲವೋ, ತೆರೆದೇ ನೋಡಿ.

ಪ್ರತಿ ತಿಂಗಳು ಪಗಾರದ ದಿನವೇ ಈ ಕೆಲಸ ಮುಗಿಸುವ ವಾಡಿಕೆ ಮಾಡಿಕೊಳ್ಳೋಣ. ದುಡಿದದ್ದು ನಮ್ಮದು, ಅದರ ಸಾಕ್ಷಿಯೂ ನಮ್ಮ ಕೈಯಲ್ಲಿರಬೇಕು.